ಐಸಿಯು ನರ್ಸ್ ಸಂದರ್ಶನ: ಮುಂದಿನ ಐದು ವರ್ಷದ ಪ್ರಶ್ನೆ

ತೀವ್ರ ನಿಗಾ ಘಟಕದ ನರ್ಸ್ ಹುದ್ದೆಯ ಸಂದರ್ಶನದಲ್ಲಿ “ಮುಂದಿನ ಐದು ವರ್ಷದ ಯೋಚನೆ ಏನು?” ಎಂಬ ಪ್ರಶ್ನೆ ಸಾಮಾನ್ಯವಾಗಿ ಬರುತ್ತದೆ. ಅದರ ಹಿಂದಿರುವುದು ತರಬೇತಿಯ ಲೆಕ್ಕ. ವೆಂಟಿಲೇಟರ್ ಕೂಗಿದಾಗ ಕೊಳವೆಯಲ್ಲಿ ಕಫ ಕಟ್ಟಿದೆಯೋ, ಜೋಡಣೆ ಕಳಚಿದೆಯೋ ಎಂದು ತಟ್ಟನೆ ಗುರುತಿಸಲು ಕಣ್ಣು, ಕಿವಿ ಪಳಗಬೇಕು. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಪಳಗಿದವರು ಬಿಟ್ಟುಹೋದರೆ ನಷ್ಟ ಹಾಸಿಗೆಯಲ್ಲಿ ಮಲಗಿದ ರೋಗಿಗೆ.

ಹಾಗಾಗಿ “ಇಲ್ಲೇ ಇರುತ್ತೇನೆ” ಎಂಬ ಬರಿಮಾತಿಗಿಂತ ಹೆಜ್ಜೆಗಳನ್ನು ಹೇಳುವುದು ಲೇಸು. ಮೊದಲ ವರ್ಷ ವೆಂಟಿಲೇಟರ್, ಇನ್ಫ್ಯೂಷನ್ ಪಂಪ್, ಎಬಿಜಿ (ಅಪಧಮನಿ ರಕ್ತದ ಅನಿಲ ಪರೀಕ್ಷೆ) ವರದಿಗಳ ಮೇಲೆ ಹಿಡಿತ. ಅನಂತರ ಓದು: ಕ್ರಿಟಿಕಲ್ ಕೇರ್‌ನಲ್ಲಿ 1 ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ. ಬಿಎಸ್ಸಿ ನರ್ಸಿಂಗ್ ಮುಗಿಸಿ ಅನುಭವ ಪಡೆದವರಿಗೆ 2 ವರ್ಷದ ನರ್ಸ್ ಪ್ರಾಕ್ಟೀಷನರ್ ಕೋರ್ಸೂ ಇದೆ.

ಜಿಮ್ಸ್, ಇಎಸ್‌ಐಸಿ, ಜಯದೇವ ಆಸ್ಪತ್ರೆಗಳಿರುವ ಕಲಬುರಗಿಯಲ್ಲಿ, ಅದರಲ್ಲೂ ಈ ಭಾಗದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಮೀಸಲಾತಿ ಇರುವಾಗ, ಸರ್ಕಾರಿ ನೌಕರಿಯ ಆಸೆ ಸಹಜ. ಖಾಸಗಿ ಆಸ್ಪತ್ರೆಯ ಸಂದರ್ಶನದಲ್ಲಿ ಕೇಳಿದರೆ ಅದನ್ನು ಮುಚ್ಚಿಡಬೇಕಿಲ್ಲ. ಅಲ್ಲಿಯವರೆಗೆ ಎಷ್ಟು ಕಾಲ, ಯಾವ ಹೊಣೆ ಹೊರುವುದು ಎಂಬುದು ಸ್ಪಷ್ಟವಿದ್ದರೆ ಸಾಕು. ಸಮೀಪದ ಕಮಲಾಪುರದಿಂದ ಬರುವ ಅಭ್ಯರ್ಥಿ, ರಾತ್ರಿ ಪಾಳಿಗೆ ನಗರದಲ್ಲಿ ಎಲ್ಲಿ ಉಳಿಯುವುದು ಎಂಬುದನ್ನೂ ಹೇಳಿದರೆ ಮಾತಿಗೆ ತೂಕ ಬರುತ್ತದೆ.