ಸರ್ಕ್ಯೂಟ್ ಬೋರ್ಡಿನ ಬಿಳಿ ಅಕ್ಷರಗಳು ಮತ್ತು ತಿರಸ್ಕೃತ ಸರಕಿನ ಲೆಕ್ಕ

ಸ್ಟೆಬಿಲೈಸರ್, ಯುಪಿಎಸ್, ಎಲ್‌ಇಡಿ ದೀಪದ ಡ್ರೈವರ್, ಪಂಪ್‌ಸೆಟ್ ನಿಯಂತ್ರಕ ಮುಂತಾದ ಉಪಕರಣಗಳನ್ನು ತಯಾರಿಸುವ ಸಣ್ಣ ಘಟಕಗಳಲ್ಲಿ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡಿನ ಖರೀದಿಯು ಸಾಮಾನ್ಯವಾಗಿ ಅಳತೆ, ದರ ಮತ್ತು ಸರಬರಾಜಿನ ದಿನಾಂಕ ಎಂಬ ಮೂರು ಮಾತುಗಳಲ್ಲಿ ಮುಗಿದುಹೋಗುತ್ತದೆ. ಬೋರ್ಡಿನ ಮೇಲೆ ಬಿಳಿ ಶಾಯಿಯಲ್ಲಿ ಮುದ್ರಿತವಾಗುವ ಅಕ್ಷರ, ಗೆರೆ, ಚುಕ್ಕೆಗಳ ವಿಷಯವಾಗಿ ಖರೀದಿ ಆದೇಶದಲ್ಲಿ ಒಂದು ಸಾಲೂ ಇರುವುದಿಲ್ಲ. ವಿದ್ಯುತ್ತು ಹರಿಯುವುದು ತಾಮ್ರದಲ್ಲಿಯೇ ಎಂಬುದು ನಿಜ. ಆದರೆ ಬಿಡಿಭಾಗಗಳನ್ನು ಜೋಡಿಸುವವರು, ಪರೀಕ್ಷಿಸುವವರು, ಮುಂದೆ ದುರಸ್ತಿ ಮಾಡುವವರು ಓದುವುದು ಈ ಶಾಯಿಯನ್ನು.

ಸಿಲ್ಕ್‌ಸ್ಕ್ರೀನ್ ಎಂದು ಕರೆಯಲ್ಪಡುವ ಈ ಪದರವನ್ನು ಹಿಂದೆ ಜಾಲರಿ ಬಟ್ಟೆಯ ಮೂಲಕ ಶಾಯಿ ಒತ್ತಿ ಮುದ್ರಿಸಲಾಗುತ್ತಿತ್ತು. ಇಂದು ಇಂಕ್‌ಜೆಟ್ ಯಂತ್ರಗಳೂ ಬಳಕೆಯಲ್ಲಿದ್ದರೂ ಹೆಸರು ಹಳೆಯದೇ ಉಳಿದಿದೆ. ಅದರಲ್ಲಿ ಪ್ರತಿಯೊಂದು ಬಿಡಿಭಾಗದ ಹೊರರೇಖೆ ಮತ್ತು ಗುರುತು ಸಂಖ್ಯೆ ಇರುತ್ತದೆ. ರೆಸಿಸ್ಟರಿಗೆ 'ಆರ್', ಕೆಪಾಸಿಟರಿಗೆ 'ಸಿ', ಡಯೋಡಿಗೆ 'ಡಿ', ಟ್ರಾನ್ಸಿಸ್ಟರಿಗೆ 'ಕ್ಯೂ', ಐಸಿಗೆ 'ಯು' ಎಂಬ ಅಕ್ಷರಗಳು ರೂಢಿಯಲ್ಲಿವೆ. ಬಿಡಿಭಾಗಗಳ ಪಟ್ಟಿಯಲ್ಲಿ 'ಐಸಿ 3' ಎಂದಿದ್ದು ಬೋರ್ಡಿನ ಮೇಲೆ 'ಯು 3' ಎಂದಿದ್ದರೆ ಅನುಭವಿ ಕೆಲಸಗಾರ ಹೊಂದಿಸಿಕೊಂಡಾನು, ಹೊಸಬನು ನಿಂತುಬಿಡುತ್ತಾನೆ.

ನಷ್ಟದ ಮೂಲವಿರುವುದು ಮುಖ್ಯವಾಗಿ ದಿಕ್ಕಿನ ಗುರುತುಗಳಲ್ಲಿ. ಅಲ್ಯೂಮಿನಿಯಮ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಮೈಮೇಲಿನ ಪಟ್ಟಿ ಮೈನಸ್ ತುದಿಯನ್ನು ಸೂಚಿಸಿದರೆ, ಮೇಲ್ಮೈ ಜೋಡಣೆಯ ಟ್ಯಾಂಟಲಮ್ ಕೆಪಾಸಿಟರಿನ ಪಟ್ಟಿ ಪ್ಲಸ್ ತುದಿಯನ್ನು ಸೂಚಿಸುತ್ತದೆ. ಬೋರ್ಡಿನ ಮೇಲೆ ಸ್ಪಷ್ಟವಾದ ಪ್ಲಸ್ ಚಿಹ್ನೆಯ ಬದಲು ಬರಿಯ ದಪ್ಪ ಗೆರೆಯೊಂದನ್ನು ಎಳೆದಿದ್ದಲ್ಲಿ, ಜೋಡಿಸುವಾತ ಪಟ್ಟಿಗೆ ಗೆರೆ ಹೊಂದಿಸುತ್ತಾನೆ. ಎರಡರಲ್ಲಿ ಒಂದು ತಿರುಗುಮುರುಗಾಗುವ ಸಂಭವವಿದೆ. ತಲೆಕೆಳಗಾದ ಎಲೆಕ್ಟ್ರೋಲಿಟಿಕ್ ಉಬ್ಬಿ ಒಡೆಯಬಹುದು, ಟ್ಯಾಂಟಲಮ್ ಹೊತ್ತಿಕೊಳ್ಳಲೂಬಹುದು. ವೃತ್ತದ ಅರ್ಧಭಾಗವನ್ನು ತುಂಬಿ ಮೈನಸ್ ಸೂಚಿಸುವ ಪದ್ಧತಿಯೂ ಉಂಟು, ಆದರೆ ಅದನ್ನೇ ಪ್ಲಸ್ ಎಂಬರ್ಥದಲ್ಲಿ ಬಳಸಿದ ಬೋರ್ಡುಗಳೂ ಮಾರುಕಟ್ಟೆಯಲ್ಲಿ ಬಂದಿವೆ.

ಡಯೋಡಿನ ಪಕ್ಕದಲ್ಲಿ ಪ್ಲಸ್ ಹಾಕುವುದು ಇನ್ನೂ ಅಪಾಯಕರ. ಎಲ್‌ಇಡಿಯಲ್ಲಿ ಪ್ಲಸ್ ಎಂದರೆ ಆನೋಡ್ ಎಂದು ಎಲ್ಲರೂ ತಿಳಿಯುತ್ತಾರೆ. ರೆಕ್ಟಿಫೈಯರ್ ಡಯೋಡಿನಲ್ಲಿ ಪ್ಲಸ್ ವೋಲ್ಟೇಜು ಹೊರಬರುವುದು ಕ್ಯಾಥೋಡಿನಿಂದ. ಆದುದರಿಂದ ಕ್ಯಾಥೋಡಿಗೆ 'ಕೆ', ಆನೋಡಿಗೆ 'ಎ' ಎಂಬ ಅಕ್ಷರ ಅಥವಾ ಡಯೋಡಿನ ಪೂರ್ಣ ಚಿಹ್ನೆಯನ್ನೇ ಮುದ್ರಿಸುವುದು ಲೇಸು. ಐಸಿಗಳಲ್ಲಿ ಒಂದನೇ ಪಿನ್ನಿನ ಚುಕ್ಕೆಯು ಐಸಿಯ ಮೈಯಿಂದ ಹೊರಗಿರಬೇಕು. ಒಳಗಿದ್ದರೆ ಜೋಡಣೆಯಾದೊಡನೆ ಅದು ಮುಚ್ಚಿಹೋಗಿ ಪರೀಕ್ಷಕನಿಗೆ ಕಾಣದು. ಕೆಲವು ಐಸಿಗಳ ಮೈಮೇಲೆ ಅಚ್ಚಿನ ಗುಳಿಗಳು ಒಂದಕ್ಕಿಂತ ಹೆಚ್ಚಿರುವುದರಿಂದ ಗೊಂದಲವು ಇಮ್ಮಡಿಸುತ್ತದೆ.

ಬಿಡಿಭಾಗಗಳ ವರ್ತಕರಿಗೂ ಇಲ್ಲೊಂದು ಎಚ್ಚರಿಕೆಯಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ಒಂದು ಟ್ರಾನ್ಸಿಸ್ಟರ್ ದಾಸ್ತಾನಿಲ್ಲದಿದ್ದಾಗ 'ಅದಕ್ಕೆ ಸಮನಾದದ್ದು' ಎಂದು ಮತ್ತೊಂದನ್ನು ಕೊಡುವುದು ವಾಡಿಕೆ. ಬಿಸಿ 547 ಮತ್ತು 2ಎನ್ 3904 ಎರಡೂ ನೋಟಕ್ಕೆ ಒಂದೇ. ಚಪ್ಪಟೆ ಮುಖವನ್ನು ಎದುರಿಗೆ ಹಿಡಿದಾಗ ಮೊದಲನೆಯದರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಎರಡನೆಯದರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಬೋರ್ಡಿನ ಮೇಲೆ ಬರಿಯ ಅರ್ಧವೃತ್ತದ ಆಕಾರವಿದ್ದು ಪಿನ್ನುಗಳ ಪಕ್ಕದಲ್ಲಿ ಅಕ್ಷರವಿಲ್ಲದಿದ್ದರೆ, ಬದಲಿ ಭಾಗವು ಅಚ್ಚುಕಟ್ಟಾಗಿ ಕೂತು ತಪ್ಪಾಗಿ ವರ್ತಿಸುತ್ತದೆ.

ದೊಡ್ಡ ಘಟಕಗಳ ಜೋಡಣಾ ಯಂತ್ರಗಳು ಸಿಲ್ಕ್‌ಸ್ಕ್ರೀನನ್ನು ಓದುವುದಿಲ್ಲ, ಬಿಡಿಭಾಗಗಳ ಸ್ಥಾನ ಮತ್ತು ಕೋನವಿರುವ ಪ್ರತ್ಯೇಕ ಫೈಲನ್ನು ಅನುಸರಿಸುತ್ತವೆ. ಹಾಗಿದ್ದರೂ ಮೊದಲ ಬೋರ್ಡನ್ನು ತಾಳೆನೋಡುವ ಮನುಷ್ಯನಿಗೆ ಆಧಾರ ಈ ಬಿಳಿ ಗುರುತುಗಳೇ.

ಮುದ್ರಣಕ್ಕೂ ಅದರದೇ ಮಿತಿಗಳಿವೆ. ಸುಮಾರು 0.15 ಮಿಲಿಮೀಟರಿಗಿಂತ ತೆಳುವಾದ ಗೆರೆ, 0.8 ಮಿಲಿಮೀಟರಿಗಿಂತ ಗಿಡ್ಡನೆಯ ಅಕ್ಷರ ಸಾಮಾನ್ಯ ದರದ ಬೋರ್ಡಿನಲ್ಲಿ ಅಳಿಸಿದಂತೆ ಬರುತ್ತದೆ. ಬೆಸುಗೆಯ ಪ್ಯಾಡಿನ ಮೇಲೆ ಶಾಯಿ ಬಿದ್ದರೆ ಬೆಸುಗೆ ಹಿಡಿಯುವುದಿಲ್ಲವಾದ್ದರಿಂದ, ಬೋರ್ಡ್ ತಯಾರಕರು ಪ್ಯಾಡಿಗೆ ತಾಗುವ ಮುದ್ರಣವನ್ನು ತಾವಾಗಿಯೇ ಕತ್ತರಿಸಿಬಿಡುವುದುಂಟು. ವಿನ್ಯಾಸಕಾರನ ಪರದೆಯಲ್ಲಿದ್ದ ಚುಕ್ಕೆ ಬೋರ್ಡಿನಲ್ಲಿ ಮಾಯವಾಗುವುದು ಬಹುಪಾಲು ಹೀಗೆ.

1957ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾಗಿ ಐಪಿಸಿ ಎಂದೇ ಪ್ರಸಿದ್ಧವಾಗಿದ್ದ, 2025ರಲ್ಲಿ ಹೆಸರು ಬದಲಿಸಿಕೊಂಡ ಸಂಸ್ಥೆಯು ಈ ಬಗ್ಗೆ ಮಾನಕಗಳನ್ನು ಪ್ರಕಟಿಸಿದೆ. ಬಿಡಿಭಾಗಗಳ ಪ್ಯಾಡ್ ವಿನ್ಯಾಸಕ್ಕೆ ಸಂಬಂಧಿಸಿದ ಐಪಿಸಿ-7351 2005ರಲ್ಲಿ ಬಂದಿತು. ಇವು ಸ್ವಯಂಪ್ರೇರಿತ ಮಾನಕಗಳು. ಖರೀದಿ ಆದೇಶದಲ್ಲಿ ನಮೂದಿಸಿದ ಹೊರತು ಸರಬರಾಜುದಾರನನ್ನು ಕಟ್ಟಿಹಾಕವು.

ಈಗ ಲೆಕ್ಕದ ಮಾತು. ಬೋರ್ಡು ಮತ್ತು ಬಿಡಿಭಾಗಗಳಿಗೆ ತೆರಿಗೆ ಬಿಟ್ಟು ತಲಾ 400 ರೂಪಾಯಿ, ಜೋಡಣೆಗೆ 50 ರೂಪಾಯಿಯಂತೆ 500 ಬೋರ್ಡುಗಳ ಒಂದು ಲಾಟನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಡಯೋಡು ಎಲ್ಲದರಲ್ಲಿಯೂ ತಿರುಗಿ ಕೂತಿದೆ. ತೆಗೆದು ಮರುಜೋಡಿಸಲು ಬೋರ್ಡಿಗೆ 40 ರೂಪಾಯಿ ಎಂದರೆ 20,000 ರೂಪಾಯಿ. ಪ್ಯಾಡು ಕಿತ್ತುಬಂದು 30 ಬೋರ್ಡುಗಳು ಕೈಬಿಟ್ಟುಹೋದರೆ ಇನ್ನೂ 13,500 ರೂಪಾಯಿ. ಡಯೋಡಿನ ಬೆಲೆ ಮೂರು ರೂಪಾಯಿ. ಲೆಕ್ಕಪತ್ರ ಮಾನಕ 2ರ ಪ್ರಕಾರ ಇಂತಹ ಅಸಹಜ ವ್ಯರ್ಥವನ್ನು ದಾಸ್ತಾನಿನ ಮೌಲ್ಯಕ್ಕೆ ಸೇರಿಸುವಂತಿಲ್ಲ; ಆ ವರ್ಷದ ಲಾಭ-ನಷ್ಟದಲ್ಲಿಯೇ ಹೋಗಬೇಕು. ಪುಸ್ತಕದಿಂದ ತೆಗೆದುಹಾಕಿದ ಸರಕಿಗೆ ಕೇಂದ್ರ ಜಿಎಸ್‌ಟಿ ಕಾಯ್ದೆಯ ಕಲಂ 17(5)(ಎಚ್) ಇನ್‌ಪುಟ್ ತೆರಿಗೆ ಜಮೆಯನ್ನು ನಿರಾಕರಿಸುತ್ತದೆ, ಶೇ. 18ರ ದರದಲ್ಲಿ 30 ಬೋರ್ಡುಗಳಿಗೆ 2,160 ರೂಪಾಯಿ. ತಯಾರಿಕೆಯ ಸಹಜ ನಷ್ಟಕ್ಕೆ ಈ ಕಲಮು ಅನ್ವಯಿಸದೆಂಬ ವಾದವಿದೆಯಾದರೂ, ಒಂದೇ ತಪ್ಪಿನಿಂದ ಕೆಟ್ಟ ಸರಕನ್ನು ಸಹಜವೆನ್ನುವುದು ಕಷ್ಟ.

ಈ ಹಣವನ್ನು ಯಾರಿಂದ ವಸೂಲು ಮಾಡುವುದು? ಬೋರ್ಡ್ ತಯಾರಕನು ಕೊಟ್ಟ ಫೈಲನ್ನೇ ಮುದ್ರಿಸಿದೆನೆನ್ನುತ್ತಾನೆ, ಜೋಡಣೆದಾರನು ಮುದ್ರಿಸಿದ್ದನ್ನೇ ಅನುಸರಿಸಿದೆನೆನ್ನುತ್ತಾನೆ. ಇಬ್ಬರ ಮಾತೂ ಸರಿಯಾಗಿದ್ದಲ್ಲಿ ಹೊರೆ ಆದೇಶ ಕೊಟ್ಟವನ ಮೇಲೆಯೇ. ತಯಾರಕನು ಚುಕ್ಕೆಯನ್ನು ಹೇಳದೆ ಕತ್ತರಿಸಿದ್ದ ಪಕ್ಷದಲ್ಲಿಯೂ ಕಾಲಮಿತಿಯ ತೊಡಕಿದೆ. ಸರಬರಾಜುದಾರನು ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಾಗಿದ್ದರೆ, 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಸರಕು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಇಲ್ಲದಿದ್ದಲ್ಲಿ ಹಣಪಾವತಿಯ ಗಡುವಿಗೆ ಸರಕು ಸ್ವೀಕೃತವಾದಂತೆಯೇ. ಒಪ್ಪಂದ ಏನೇ ಇರಲಿ, 45 ದಿನ ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬೋರ್ಡುಗಳಾದರೋ ಹಲವೆಡೆ ತಿಂಗಳುಗಟ್ಟಲೆ ಗೋದಾಮಿನಲ್ಲಿ ಕಟ್ಟು ಬಿಚ್ಚದೆಯೇ ಇರುತ್ತವೆ.

ಹೀಗಾಗಿ ಖರೀದಿ ಆದೇಶದಲ್ಲಿ ಎರಡು ಸಾಲು ಸೇರಿಸುವುದು ಸೂಕ್ತ: ಸಿಲ್ಕ್‌ಸ್ಕ್ರೀನಿನಲ್ಲಿ ಯಾವುದೇ ಕತ್ತರಿಕೆ ಅಥವಾ ಬದಲಾವಣೆಗೆ ಮುನ್ನ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು, ಮತ್ತು ಪೂರ್ಣ ಲಾಟಿಗೆ ಮುನ್ನ ಮಾದರಿ ಬೋರ್ಡೊಂದನ್ನು ಒಪ್ಪಿಸತಕ್ಕದ್ದು. ಆ ಮಾದರಿಗೆ ನಿಜವಾದ ಬಿಡಿಭಾಗಗಳನ್ನು ಜೋಡಿಸಿ, ವಿದ್ಯುತ್ ಕೊಟ್ಟು ನೋಡಿ, ಸಹಿ ಮತ್ತು ದಿನಾಂಕದೊಡನೆ ಉಗ್ರಾಣದಲ್ಲಿಟ್ಟುಕೊಂಡರೆ ಮುಂದಿನ ಲಾಟನ್ನು 15 ದಿನಗಳೊಳಗೆ ತಾಳೆನೋಡಲು ಅದೊಂದೇ ಸಾಕು.