ಪೆಟ್ಟಿಗೆಯೊಳಗಿನ ವಾಚಕ

ರಾತ್ರಿ ಹತ್ತರ ಮೇಲೆ ಮನೆಯಲ್ಲಿ ಮಾತು ಕೇಳಿಸಬಾರದೆಂಬುದು ನಮ್ಮಾಕೆ ಹಾಕಿರುವ ಕಟ್ಟಳೆ. ಹೋದ ತಿಂಗಳು ಅದನ್ನು ಮುರಿದವನು ನಾನಲ್ಲ, ನನ್ನ ಕಂಪ್ಯೂಟರು. ಪ್ರಬಂಧವೊಂದರ ಕೊನೆಯ ಸಾಲು ಮುಗಿಸಿ ಹೊಸ ಪುಟ ತೆರೆಯಲು ಕಂಟ್ರೋಲ್ ಕೀಲಿಯನ್ನೂ ಎಂಟರ್ ಕೀಲಿಯನ್ನೂ ಒಟ್ಟಿಗೆ ಒತ್ತಿದೆ. ಕಿರುಬೆರಳು ಕೊಂಚ ಜಾರಿ ಪಕ್ಕದ ವಿಂಡೋಸ್ ಕೀಲಿಯನ್ನೂ ತುಳಿಯಿತೆಂದು ಕಾಣುತ್ತದೆ. ಒಡನೆಯೇ ಪೆಟ್ಟಿಗೆಯೊಳಗಿನಿಂದ ಅಪರಿಚಿತ ಕಂಠವೊಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಮಾತನಾಡತೊಡಗಿತು. ಕಿಟಕಿಯ ಹೆಸರು ಹೇಳಿತು, ಗುಂಡಿಯ ಹೆಸರು ಹೇಳಿತು, ನಾನು ಒತ್ತಿದ ಪ್ರತಿಯೊಂದು ಅಕ್ಷರವನ್ನೂ ಒಪ್ಪಿಸಿತು. ಪರದೆಯ ಮೇಲೆ ನೀಲಿ ಗೆರೆಯ ಚೌಕವೊಂದು ಮೂಡಿ, ನಾನು ಹೋದಲ್ಲೆಲ್ಲ ಹಿಂಬಾಲಿಸಿತು.

ನನಗೆ ತಿಳಿದ ಉಪಾಯ ಒಂದೇ. ಧ್ವನಿಯನ್ನು ಸೊನ್ನೆಗಿಳಿಸಿದೆ. ಮಾತು ಅಡಗಿತು, ಚೌಕ ಅಡಗಲಿಲ್ಲ. ಅದಕ್ಕೆ ಮೊದಲು, ನಾನು ಬರೆದ ಸಾಲಿನ ಮೇಲೆ ಬಾಣದ ಕೀಲಿಯನ್ನು ಆಡಿಸಿದಾಗ ಆ ಕಂಠ ಹೇಳಿದ್ದೇನು ಗೊತ್ತೆ? 'ಪಿ', 'ಎ', 'ಪೌಂಡ್'! ನಾನು ಬರೆದಿದ್ದುದು ಅಚ್ಚ ಕನ್ನಡ. ಯಂತ್ರಕ್ಕೆ ಬುದ್ಧಿಭ್ರಮಣೆಯಾಗಿದೆಯೆಂದು ನಿಶ್ಚಯಿಸಿ, ಕದ ಮುಚ್ಚಿ ಮಲಗಿದೆ.

ಮರುದಿನ ಭಾನುವಾರ. ಹಳೆಯ ಶಿಷ್ಯನೊಬ್ಬ ಬಂದ. ಹುಟ್ಟಿನಿಂದ ದೃಷ್ಟಿಯಿಲ್ಲದವನು, ಈಗ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ನನ್ನ ಗೋಳು ಕೇಳಿ ಅವನು ನಕ್ಕ ನಗೆ ಅಡುಗೆಮನೆಯವರೆಗೆ ಕೇಳಿಸಿತು.

"ಸಾರ್, ಅದು ಭ್ರಮಣೆಯಲ್ಲ, ನ್ಯಾರೇಟರ್. ನನ್ನಂಥವರಿಗೆ ಪರದೆಯನ್ನು ಓದಿ ಹೇಳುವುದಕ್ಕಾಗಿ ಒಳಗೇ ಕೂರಿಸಿರುವ ವಾಚಕ. ನೀವು ಕರೆದಿರಿ, ಬಂತು. ಕರೆದ ರೀತಿಯಲ್ಲೇ ಕಳಿಸಿಬಿಡಬಹುದು" ಎಂದವನೇ, ಕೀಲಿಗಳನ್ನು ತಡವಿ, ವಿಂಡೋಸ್, ಕಂಟ್ರೋಲ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದ. ನೀಲಿ ಚೌಕ ಮಾಯವಾಯಿತು. ಒಂದು ರಾತ್ರಿಯ ನಿದ್ದೆ ಕೆಡಿಸಿದ ಭೂತಕ್ಕೆ ಇಷ್ಟೇ ಮಂತ್ರ!

ಇದೇ ಪಾಡಿಗೆ ಸಿಕ್ಕಿದ ವಾಚಕ ಮಹಾಶಯರು ಇರಬಹುದೆಂದು ಅವನು ಹೇಳಿದ ಉಳಿದ ಮಾತುಗಳನ್ನೂ ಇಲ್ಲಿ ಬರೆದಿಡುತ್ತೇನೆ. ಮಾತನ್ನು ಆ ಗಳಿಗೆಗೆ ಮಾತ್ರ ನಿಲ್ಲಿಸಬೇಕಾದರೆ ಕಂಟ್ರೋಲ್ ಕೀಲಿಯೊಂದನ್ನೇ ಒತ್ತಿದರಾಯಿತು. ಬೆರಳು ಪದೇ ಪದೇ ಜಾರುವವರು ಸೆಟ್ಟಿಂಗ್ಸಿನಲ್ಲಿ ನ್ಯಾರೇಟರ್ ಎಂಬ ಪುಟ ತೆರೆದು, ಈ ಮೂರು ಕೀಲಿಗಳ ಕರೆಯನ್ನೇ ರದ್ದುಮಾಡಬಹುದು. ಆಂಡ್ರಾಯ್ಡ್ ಫೋನಿನಲ್ಲಿ ಇದರ ತಮ್ಮನಿದ್ದಾನೆ, ಟಾಕ್‌ಬ್ಯಾಕ್ ಎಂದು ಹೆಸರು. ಅವನು ಎಚ್ಚರವಾದಾಗ ಒಂದು ಸಲ ಮುಟ್ಟಿದರೆ ಹೆಸರು ಹೇಳುತ್ತಾನೆಯೇ ಹೊರತು ಬಾಗಿಲು ತೆರೆಯುವುದಿಲ್ಲ. ಎರಡು ಸಲ ತಟ್ಟಬೇಕು. ಪುಟ ಸರಿಸಲು ಎರಡು ಬೆರಳು ಬೇಕು. ಇದು ತಿಳಿಯದೆ ಫೋನು ಕೆಟ್ಟಿತೆಂದು ಅಂಗಡಿಗೆ ಒಯ್ದವರನ್ನು ಅವನು ಕಂಡಿದ್ದಾನಂತೆ. ಹಲವು ಫೋನುಗಳಲ್ಲಿ ಧ್ವನಿಯ ಎರಡು ಗುಂಡಿಗಳನ್ನೂ ಕೆಲವು ಕ್ಷಣ ಅದುಮಿ ಹಿಡಿದರೆ ಅವನೂ ಹೊರಟುಹೋಗುತ್ತಾನೆ.

ಕಳಿಸಿದ್ದಾಯಿತು. ಆದರೆ ಕಳಿಸಿದ ಮೇಲೆ ನನಗೆ ಕುತೂಹಲ ಹುಟ್ಟಿತು. "ನೀನು ಇದರಿಂದ ಹೇಗಪ್ಪಾ ಓದುತ್ತೀಯೆ, ತೋರಿಸು" ಎಂದೆ.

ಅವನು ಚೀಲದಿಂದ ತನ್ನ ಲ್ಯಾಪ್‌ಟಾಪನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ. ಪರದೆ ಕಗ್ಗತ್ತಲೆ. ಬಸ್ಸಿನಲ್ಲಿ ಪಕ್ಕದವರು ಇಣುಕಿ ನೋಡದಂತೆ ಪರದೆಯ ಮೇಲೆ ಕತ್ತಲನ್ನು ಎಳೆದುಕೊಳ್ಳುವ ಅನುಕೂಲವೊಂದು ಅದರಲ್ಲಿದೆಯಂತೆ. ಮಾತು ಮಾತ್ರ ಹೊರಟಿತು. ಅದು ಮಾತೆಂದು ನನಗೆ ತಿಳಿಯಲಿಲ್ಲ, ಹಂಚಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದಂತಿತ್ತು. ಅಭ್ಯಾಸಬಲದಿಂದ ಅವನ ಕಿವಿ ಆ ವೇಗಕ್ಕೆ ಒಗ್ಗಿದೆ. ನಾನು ಒಂದು ಪುಟ ಓದುವಷ್ಟರಲ್ಲಿ ಅವನು ಎರಡು ಪುಟ ಕೇಳಿ ಮುಗಿಸುತ್ತಾನೆ.

ಅವನ ಯಂತ್ರದಲ್ಲಿದ್ದುದು ನ್ಯಾರೇಟರ್ ಅಲ್ಲ, ಎನ್‌ವಿಡಿಎ. ಆಸ್ಟ್ರೇಲಿಯದ ಮೈಕೇಲ್ ಕರನ್, ಜೇಮ್ಸ್ ಟೆ ಎಂಬ ಇಬ್ಬರು ಅಂಧ ತರುಣರು ಕಟ್ಟಿ ಬೆಳೆಸಿದ್ದು. 2006ರಲ್ಲಿ ಕರನ್ ಅದನ್ನು ಆರಂಭಿಸಿದ. ಬೆಲೆಯಿಲ್ಲ, ಯಾರು ಬೇಕಾದರೂ ಪಡೆಯಬಹುದು. ಅದಕ್ಕೂ ಹಿಂದೆ, 1989ರಲ್ಲಿ, ಅಮೆರಿಕದ ಟೆಡ್ ಹೆಂಟರ್ 'ಜಾಸ್' ಎಂಬುದನ್ನು ಹೊರತಂದಿದ್ದ. ಮೋಟಾರ್‌ಸೈಕಲ್ ಪಂದ್ಯಗಳ ಸವಾರನಾಗಿದ್ದು 1978ರ ಅಪಘಾತದಲ್ಲಿ ಕಣ್ಣು ಕಳೆದುಕೊಂಡವನು ಆತ. ಮೈಕ್ರೋಸಾಫ್ಟಿನವರ ನ್ಯಾರೇಟರ್ ಬಂದದ್ದು ವಿಂಡೋಸ್ 2000ದೊಂದಿಗೆ; ಆಪಲ್ ಕಂಪನಿಯವರ ವಾಯ್ಸ್‌ಓವರ್ 2005ರಲ್ಲಿ. ಈ ಕ್ಷೇತ್ರದಲ್ಲಿ ದುಡಿದವರಲ್ಲಿ ಹಲವರು ಸ್ವತಃ ದೃಷ್ಟಿಯಿಲ್ಲದವರೆಂಬುದು ನನಗೆ ಹೊಸ ಸಂಗತಿ. ಇಂಥ ಉಪಕರಣಗಳನ್ನೆಲ್ಲ ಯಾರೋ ದಯಾಳುಗಳು ಮಾಡಿಕೊಟ್ಟಿರಬೇಕೆಂದು ನಾನು ಭಾವಿಸಿದ್ದೆ.

ಕನ್ನಡವನ್ನೂ ಅದು ಓದಿತು. ಈಸ್ಪೀಕ್ ಎಂಬ ಧ್ವನಿಯಂತ್ರದ ಕನ್ನಡ. ಮೂಗಿನಿಂದ ಹೊರಟಂತಹ, ಏರಿಳಿತವಿಲ್ಲದ ಕನ್ನಡ. ನಮ್ಮ ಗಮಕಿಗಳು ಕೇಳಿದರೆ ಎದ್ದು ಹೋದಾರು. "ಸೊಗಸು ಬೇಡ ಸಾರ್, ಸ್ಪಷ್ಟತೆ ಸಾಕು. ಸೊಗಸು ನಾನು ತುಂಬಿಕೊಳ್ಳುತ್ತೇನೆ" ಎಂದ.

ಆಗ ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇದ್ದ ಮುಳ್ಳೊಂದು ಅಲುಗಿತು. ಆರು ವರ್ಷಗಳ ಹಿಂದೆ ಈತ ನನ್ನ ಪ್ರಬಂಧಗಳನ್ನು ಓದಬೇಕೆಂದು ಕೇಳಿದ್ದ. ಹನ್ನೊಂದನ್ನು ಆರಿಸಿ ಮಿಂಚಂಚೆಯಲ್ಲಿ ಕಳಿಸಿದ್ದೆ. "ತಲುಪಿತು ಸಾರ್" ಎಂದು ಒಂದು ಸಾಲು ಬಂತು. ಆಮೇಲೆ ಒಂದು ಮಾತೂ ಇಲ್ಲ. ಬರೆಯುವವನ ಮನಸ್ಸು ಸಣ್ಣದು. ಮೆಚ್ಚಿಕೆಯಾಗಲಿಲ್ಲವೇನೋ, ಅಥವಾ ತೆರೆದೇ ನೋಡಲಿಲ್ಲವೇನೋ ಎಂದು ಒಳಗೊಳಗೇ ಮುನಿದಿದ್ದೆ. ಈಗ ಕೇಳಿಯೇಬಿಟ್ಟೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೇ ಕಡತ ಇಲ್ಲಿದೆ, ಕೇಳಿ" ಎಂದು ವೇಗ ತಗ್ಗಿಸಿ, ಶೀರ್ಷಿಕೆಯನ್ನು ಒಂದೊಂದೇ ಅಕ್ಷರವಾಗಿ ಓದಿಸಿದ. 'ಕನ್ನಡ' ಎಂಬ ಮೊದಲ ಪದಕ್ಕೆ ಯಂತ್ರ ಹೇಳಿದ್ದಿಷ್ಟು: ಪಿ, ತಲೆಯ ಮೇಲೆ ಗೆರೆಯುಳ್ಳ ಎ, ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನರ ಒಂದು ಸಕಾರ, ಕ್ಯೂ, ಮತ್ತೊಮ್ಮೆ ಎ. ಹಿಂದಿನ ರಾತ್ರಿ ನಾನು ಕೇಳಿದ್ದ ಹುಚ್ಚುಮಾತೇ ಇದು.

ಹುಚ್ಚು ಯಂತ್ರದ್ದಲ್ಲ. ನಾನು ಇಂದಿಗೂ ನುಡಿಯ ಹಳೆಯ ಅಕ್ಷರಮಾದರಿಯಲ್ಲಿ ಟೈಪು ಮಾಡುವವನು. ಅದರಲ್ಲಿ ಕಡತದೊಳಗೆ ಕೂತಿರುವುದು ಕನ್ನಡವೇ ಅಲ್ಲ. ರೋಮನ್ ಅಕ್ಷರಗಳೂ ಚಿಹ್ನೆಗಳೂ ಕನ್ನಡದ ವೇಷ ಹಾಕಿಕೊಂಡು ಕೂತಿವೆ. ಕಣ್ಣಿಗೆ ವೇಷ ಕಾಣುತ್ತದೆ, ಯಂತ್ರಕ್ಕೆ ವೇಷಧಾರಿ ಕಾಣುತ್ತಾನೆ. ಯೂನಿಕೋಡಿನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಸ್ವಂತ ಸಂಖ್ಯೆಯುಂಟು; ಆದ್ದರಿಂದ ಅದನ್ನು ಓದಬಹುದು. ಇನ್ನೊಂದು ವಿಚಿತ್ರವನ್ನೂ ಅವನೇ ತೋರಿಸಿದ. 'ಸೂರ್ಯ' ಎಂದು ಬರೆಯುವಾಗ ಅರ್ಕಾವೊತ್ತು ಯಕಾರದ ನಂತರ ಬರುತ್ತದೆ. ಉಚ್ಚರಿಸುವಾಗ ರಕಾರವೇ ಮೊದಲು. ಹಳೆಯ ಕ್ರಮ ಕಣ್ಣು ಕಂಡಂತೆ ಕೂಡಿಡುತ್ತದೆ; ಯೂನಿಕೋಡು ನಾಲಗೆ ನುಡಿದಂತೆ, ಮೊದಲು ರ, ಆಮೇಲೆ ಯ. ಭಾರತೀಯ ಬ್ರೈಲಿನಲ್ಲೂ ಹಾಗೆಯೇ ಎಂದು ಸೇರಿಸಿದ. ಮೂವತ್ತು ವರ್ಷ ವ್ಯಾಕರಣ ಪಾಠ ಹೇಳಿದ ನನಗೆ ಅರ್ಕಾವೊತ್ತಿನ ಈ ರಹಸ್ಯವನ್ನು ಹೇಳಿಕೊಟ್ಟವನು, ಅದರ ಆಕಾರವನ್ನೇ ನೋಡಿರದ ಶಿಷ್ಯ!

"ಹೇಳಬಾರದಿತ್ತೇನೋ ಆವತ್ತೇ?" ಎಂದೆ.

"ಇಂಥದು ನಿಮ್ಮದೊಂದೇ ಅಲ್ಲ ಸಾರ್. ಸುತ್ತೋಲೆ, ಪ್ರಶ್ನೆಪತ್ರಿಕೆ, ಸ್ಮರಣಸಂಚಿಕೆ, ಎಷ್ಟೋ ಹೀಗೇ ಬರುತ್ತವೆ. ಇನ್ನು ಕೆಲವು ಪುಸ್ತಕಗಳು ಬರಿಯ ಚಿತ್ರಗಳಾಗಿ ಬರುತ್ತವೆ, ಯಂತ್ರ ಬಾಯಿಯೇ ಬಿಡುವುದಿಲ್ಲ. ಪ್ರತಿಯೊಬ್ಬರಿಗೂ ಹೇಳಿ ಹೇಳಿ ಸಾಕಾಗಿತ್ತು. ನಿಮಗೆ ಹೇಳಲು ಸಂಕೋಚ."

ಆ ಸಂಕೋಚಕ್ಕೆ ನಾನು ಆರು ವರ್ಷ ಇಟ್ಟಿದ್ದ ಹೆಸರು ಉದಾಸೀನ.

ಅಂದೇ ಪರಿವರ್ತಕವೊಂದನ್ನು ಇಳಿಸಿಕೊಂಡು ಹನ್ನೊಂದು ಪ್ರಬಂಧಗಳನ್ನೂ ಯೂನಿಕೋಡಿಗೆ ತಂದೆವು. ಕೆಲವೇ ನಿಮಿಷದ ಕೆಲಸ. ಆದರೆ ನಡುನಡುವೆ ನಾನು ಪಾಂಡಿತ್ಯಕ್ಕೆಂದು ಸುರಿದಿದ್ದ ಇಂಗ್ಲಿಷ್ ಪದಗಳನ್ನು ಪರಿವರ್ತಕವು ಕನ್ನಡವೆಂದೇ ಬಗೆದು, ಯಾವ ನಿಘಂಟಿನಲ್ಲೂ ಇಲ್ಲದ ಶಬ್ದಗಳನ್ನು ಸೃಷ್ಟಿಸಿತು. ಅವನ್ನು ಕೈಯಿಂದಲೇ ತಿದ್ದಬೇಕು. ಹೀಗಾಗಿ ಪ್ರತಿ ಭಾನುವಾರ ಅವನು ಬರುತ್ತಾನೆ. ಅವನ ಯಂತ್ರ ಓದುತ್ತದೆ, ನಾನು ತಿದ್ದುತ್ತೇನೆ. ನಾಲ್ಕನೆಯ ಪ್ರಬಂಧದಲ್ಲಿದ್ದೇವೆ. ಕಳೆದ ವಾರ ಒಂದು ವಾಕ್ಯದ ನಡುವೆ ಅವನು ಕಂಟ್ರೋಲ್ ಕೀಲಿ ಒತ್ತಿ ಯಂತ್ರದ ಬಾಯಿ ಮುಚ್ಚಿಸಿ, "ಸಾರ್, ತಪ್ಪು ತಿಳಿಯಬೇಡಿ. ಈ ವಾಕ್ಯ ಎಲ್ಲಿ ಮುಗಿಯುತ್ತದೆ?" ಎಂದ. ಎಣಿಸಿ ನೋಡಿದೆ, ಐವತ್ತೆಂಟು ಪದಗಳಿದ್ದವು. ಮೂರಾಗಿ ಒಡೆದೆ.

ನ್ಯಾರೇಟರನ್ನು ಕರೆಯುವ ಮೂರು ಕೀಲಿಗಳನ್ನು ನಾನು ರದ್ದುಮಾಡಿಲ್ಲ. ಬರೆದದ್ದು ಮುಗಿದ ಮೇಲೆ ಈಗ ಅದನ್ನು ಬೇಕೆಂದೇ ಕರೆದು, ಸಾಲಿನ ಮೇಲೆ ಬಾಣದ ಕೀಲಿಯನ್ನು ಆಡಿಸಿ ನೋಡುತ್ತೇನೆ. 'ಪೌಂಡ್' ಎಂದರೆ ಹಳೆಯ ಚಾಳಿ ಮರುಕಳಿಸಿದೆಯೆಂದು ಅರ್ಥ. ಇದನ್ನು ಹತ್ತು ಗಂಟೆಯೊಳಗೆ ಮುಗಿಸಬೇಕು. ಕಟ್ಟಳೆ ಇನ್ನೂ ಸಡಿಲವಾಗಿಲ್ಲ.