ಮಣ್ಣಿನ ಘಮ ಬೀರಿದ ರಾಣಿಯ ಬಾಯಿ

ಕಾಳಿದಾಸನ 'ರಘುವಂಶ'ದ ಮೂರನೆಯ ಸರ್ಗ ತೆರೆದು ನೋಡಿ. ದಿಲೀಪ ಮಹಾರಾಜನ ಮಡದಿ ಸುದಕ್ಷಿಣೆ ಈಗ ಬಸುರಿ. ಮೈಯಲ್ಲಿ ಕಸುವಿಲ್ಲ, ಒಡವೆಗಳೂ ಭಾರ, ಮುಖ ಲೋಧ್ರದ ಹೂವಿನಂತೆ ಬಿಳಿಚಿದೆ. ಅದರ ಬೆನ್ನಿಗೇ ರಾಜ ಏಕಾಂತದಲ್ಲಿ ಅವಳ ಮುಖವನ್ನು ಮೂಸುತ್ತಾನೆ. ಎಷ್ಟು ಮೂಸಿದರೂ ಅವನಿಗೆ ತೃಪ್ತಿಯಿಲ್ಲ. ಆ ಬಾಯಿಂದ ಬರುತ್ತಿರುವುದು ಮಣ್ಣಿನ ಘಮ. ರಾಣಿ ಮಣ್ಣು ತಿಂದಿದ್ದಾಳೆ!

ಬಳಲಿಕೆ, ಬಿಳಿಚಿದ ಮುಖ, ಮಣ್ಣಿನ ಆಸೆ! ಇವತ್ತು ಈ ಮೂರನ್ನೂ ಒಟ್ಟಿಗೆ ಕಂಡರೆ ವೈದ್ಯರು ಮೊದಲು ಬರೆದುಕೊಡುವುದು ಹಿಮೋಗ್ಲೋಬಿನ್ ಪರೀಕ್ಷೆ. ಕವಿ ಅವನ್ನು ಸುಮಾರು 1,500 ವರ್ಷಗಳ ಹಿಂದೆಯೇ ಅಕ್ಕಪಕ್ಕದಲ್ಲಿ ಇಟ್ಟು ಹೋಗಿದ್ದಾನೆ. ಹುಟ್ಟುವ ಮಗ ಭೂಮಿಯನ್ನೇ ಭೋಗಿಸುವವನು, ಅದಕ್ಕೇ ತಾಯಿಗೆ ಮಣ್ಣಿನ ಮೇಲೆ ಮನಸ್ಸಾಯಿತು ಎನ್ನುವುದು ಅವನು ಕೊಟ್ಟ ಕಾರಣ. ವೈದ್ಯರು ಮೊದಲು ಶಂಕಿಸುವುದು ರಕ್ತದಲ್ಲಿ ಕಬ್ಬಿಣಾಂಶ ತಗ್ಗಿರುವುದನ್ನು.

ಆ ರಾಣಿ ನಮ್ಮ ಮನೆಗಳಲ್ಲೂ ಇದ್ದಾಳೆ. ಬಳಪವನ್ನು ಸೆರಗಿನ ಮರೆಯಲ್ಲಿ ಕಟುಂ ಎಂದು ಕಡಿಯುತ್ತಾಳೆ, ಗೋಡೆಯ ಸುಣ್ಣ ಕೆರೆಯುತ್ತಾಳೆ, ಡಬ್ಬಿಯ ಹಸಿ ಅಕ್ಕಿಯನ್ನು ಹಿಡಿಹಿಡಿಯಾಗಿ ಮುಕ್ಕುತ್ತಾಳೆ, ಫ್ರಿಜ್ಜಿನ ಐಸು ಅಗಿಯುತ್ತಾಳೆ. ಐಸಿನ ಕಥೆಯಂತೂ ಇನ್ನೂ ಸೋಜಿಗ! ಕಬ್ಬಿಣಾಂಶದ ಚಿಕಿತ್ಸೆ ಶುರುವಾದ ಕೆಲವೇ ದಿನಗಳಲ್ಲಿ ಎಷ್ಟೋ ಜನರಿಗೆ ಆ ಚಪಲ ತಾನಾಗಿಯೇ ಬಿಟ್ಟುಹೋಗುತ್ತದೆ, ಹಿಮೋಗ್ಲೋಬಿನ್ ಇನ್ನೂ ಮೇಲೇರುವ ಮೊದಲೇ! ಕೊರತೆಯಿಂದ ಮಣ್ಣಿನ ಆಸೆಯೋ, ಮಣ್ಣು ತಿಂದು ಕೊರತೆಯೋ ಎಂಬ ವಿಜ್ಞಾನಿಗಳ ಚರ್ಚೆ ಮಾತ್ರ ಮುಗಿದಿಲ್ಲ. ಜೇಡಿಮಣ್ಣು ಊಟದಲ್ಲಿನ ಕಬ್ಬಿಣಾಂಶವನ್ನು ಕರುಳಲ್ಲೇ ಹಿಡಿದಿಟ್ಟುಕೊಳ್ಳಬಲ್ಲದು. ಅದರ ಜೊತೆ ಜಂತುಹುಳದ ಮೊಟ್ಟೆ ಬರಬಹುದು, ಸೀಸವೂ ಬರಬಹುದು. ಸೀಸ ಕರುಳಬಳ್ಳಿಯ ಹಾದಿಯಲ್ಲಿ ಮಗುವನ್ನೇ ಸೇರುತ್ತದೆ. ಹಾಗಾಗಿ ಮಣ್ಣು, ಸುಣ್ಣ, ಬಳಪ ಒಂದು ಚಿಟಿಕೆಯೂ ಬೇಡ.

ಆದರೆ ದಯವಿಟ್ಟು ಅವಳನ್ನು ಬೈಯಬೇಡಿ. ಬೈದರೆ ಬಚ್ಚಿಟ್ಟುಕೊಂಡು ತಿನ್ನುತ್ತಾಳೆ, ವೈದ್ಯರ ಎದುರೂ ಬಾಯಿ ಬಿಡುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 100 ಬಸುರಿಯರಲ್ಲಿ 52 ಮಂದಿಗೆ ರಕ್ತಹೀನತೆ ಕಂಡಿದೆ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿದ್ದರೆ ಅವಳೂ ಆ ಲೆಕ್ಕಕ್ಕೆ ಸೇರಿದಳು. ಆಶಾ ಕಾರ್ಯಕರ್ತೆ ತಂದುಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವಿದೆ. ಕಾಫಿ, ಟೀ ಅದನ್ನು ಮೈಗೆ ಹತ್ತಗೊಡುವುದಿಲ್ಲ. ಒಂದೆರಡು ಗಂಟೆ ಅಂತರವಿರಲಿ. ಕ್ಯಾಲ್ಸಿಯಂ ಮಾತ್ರೆಗೂ ಬೇರೆ ಹೊತ್ತು. ಮಲ ಕಪ್ಪಗಾದರೆ ಗಾಬರಿ ಬೇಡ, ಅದು ಮಾತ್ರೆಯ ಬಣ್ಣ.

ಇನ್ನು ಹುಳಿಯ ಬಯಕೆ! ಸೊಪ್ಪು, ಕಾಳು, ರಾಗಿಯ ಕಬ್ಬಿಣಾಂಶ ಮೈಗೆ ಹತ್ತಲು ನೆಲ್ಲಿಕಾಯಿ, ನಿಂಬೆ, ಮಾವಿನಕಾಯಿಯಲ್ಲಿರುವ ವಿಟಮಿನ್ ಸಿ ನೆರವಾಗುತ್ತದೆ. ಎಲ್ಲರೂ ನಕ್ಕು ಸುಮ್ಮನಾಗುವ ಆ ಬಯಕೆಯಲ್ಲಿ ಎಂಥ ಉಪಕಾರ! ರಕ್ತದೊತ್ತಡ ಇರುವವರು ಉಪ್ಪಿನಕಾಯಿಯಲ್ಲಿ ಕೈ ಬಿಗಿ ಹಿಡಿಯಲಿ. ಉಳಿದಂತೆ ಮಾವಿನಕಾಯಿಯನ್ನು ಚೆನ್ನಾಗಿ ತೊಳೆದು, ತುರಿದು, ಬಿಸಿ ಸೊಪ್ಪಿನ ಪಲ್ಯದ ಮೇಲೆ ಉದುರಿಸಿ, ಮುದ್ದೆಯ ಜೊತೆ ಅವಳ ತಟ್ಟೆಗೆ ಬಡಿಸಿ.